ಬೆನ್ನ ಹಿಂದಿನ ಎಂಜಿನ್: ಸ್ಟ್ರಾಟೋಸ್ ಮತ್ತು ಎಂ1 ಕಥೆ

ಬೇಸಿಗೆಯಲ್ಲಿ ಮಾರುತಿ ಓಮ್ನಿ ಹತ್ತಿ ದೂರ ಹೋದವರಿಗೆ ಮುಂದಿನ ಸೀಟಿನ ಬಿಸಿ ಚೆನ್ನಾಗಿ ನೆನಪಿರುತ್ತದೆ. ಘಾಟಿ ಹತ್ತಿ ಗಾಡಿ ನಿಲ್ಲಿಸಿ ಆ ಸೀಟು ಎತ್ತಿದರೆ ಅದರ ಕೆಳಗೇ ಎಂಜಿನ್ ಕಾಣುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಎಂಜಿನ್ ಇರುವ ಇಂಥ ಜೋಡಣೆಗೆ ಮಿಡ್-ಎಂಜಿನ್ ಎನ್ನುತ್ತಾರೆ. ಓಮ್ನಿಯಲ್ಲಿ ಹಾಗೆ ಮಾಡಿದ್ದು ಜಾಗ ಉಳಿಸೋಕೆ. ಚಿಕ್ಕ ಗಾಡಿಯಲ್ಲಿ ಎಂಟು ಜನ ಕೂರಬೇಕು, ಇಲ್ಲವೇ ಹಿಂದೆ ಸಾಮಾನು ತುಂಬಬೇಕು. ಅಷ್ಟೇ ಉದ್ದೇಶ.

ಯುರೋಪಿನಲ್ಲಿ ಇದೇ ಜೋಡಣೆಯನ್ನು ಪೂರಾ ಬೇರೆ ಕಾರಣಕ್ಕೆ ಬಳಸಿದರು. ಅದನ್ನು ಅರ್ಥ ಮಾಡಿಕೊಳ್ಳೋಕೆ ನನಗೆ ತುಂಬ ಇಷ್ಟವಾದ ಎರಡು ಕಾರುಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಒಂದು ಇಟಲಿಯ ಲಾಂಚಿಯಾ ಸ್ಟ್ರಾಟೋಸ್. ಇನ್ನೊಂದು ಜರ್ಮನಿಯ ಬಿಎಂಡಬ್ಲ್ಯು ಎಂ1. ಸ್ಟ್ರಾಟೋಸ್ ತಯಾರಾದದ್ದು 492 ಎನ್ನುವುದು ಸಾಮಾನ್ಯವಾಗಿ ಎಲ್ಲರೂ ಕೊಡುವ ಲೆಕ್ಕ. ಎಂ1 ರಸ್ತೆಯದ್ದೂ ರೇಸಿನದ್ದೂ ಸೇರಿ ಸುಮಾರು 450. ಒಂದು ದೊಡ್ಡ ಕಾರ್ಖಾನೆಯಲ್ಲಿ ಒಂದೇ ದಿನಕ್ಕೆ ಇದಕ್ಕಿಂತ ಜಾಸ್ತಿ ಕಾರು ಹೊರಬರುತ್ತವೆ.

ಇವನ್ನು ಹೋಲಿಸುವವರು ಸಾಮಾನ್ಯವಾಗಿ ಯಾವುದು ಜೋರು, ಯಾವುದು ಚಂದ, ಯಾವುದರ ಬೆಲೆ ಜಾಸ್ತಿ ಅಂತ ಕೇಳುತ್ತಾರೆ. ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಈ ಎರಡೂ ಕಾರು ಹುಟ್ಟಿದ್ದು ಒಂದೇ ನಿಯಮದಿಂದ. ಎರಡರಲ್ಲೂ ಎಂಜಿನ್ ಇರುವುದು ಸೀಟಿನ ಹಿಂದೆ. ಆದರೂ ಒಂದು ಬೆಟ್ಟದ ದಾರಿಗೆ ಹೇಳಿ ಮಾಡಿಸಿದ ಹಾಗಿದೆ, ಇನ್ನೊಂದು ನೇರ ಹೆದ್ದಾರಿಗೆ. ಒಂದು ಸರಿಯಾದ ಹೊತ್ತಿಗೆ ಬಂದು ಗೆದ್ದಿತು. ಇನ್ನೊಂದು ಬರುವ ಹೊತ್ತಿಗೆ ಅದು ಓಡಬೇಕಿದ್ದ ಪಂದ್ಯವೇ ಮುಗಿಯುತ್ತಾ ಬಂದಿತ್ತು. ಯಾಕೆ ಹೀಗಾಯಿತು ಅಂತ ತಿಳಿದರೆ ಎರಡೂ ಕಾರು ಅರ್ಥವಾದ ಹಾಗೆ.

ತೂಕ ಎಲ್ಲಿರಬೇಕು?

ಎತ್ತಿನ ಗಾಡಿಗೆ ಹುಲ್ಲೋ ಚೀಲವೋ ಹೇರುವಾಗ ಹಳ್ಳಿಯಲ್ಲಿ ಎರಡು ಮಾತು ಕೇಳುತ್ತೇವೆ: ಮುಂಭಾರ, ಹಿಂಭಾರ. ಮುಂಭಾರ ಆದರೆ ನೊಗ ಎತ್ತಿನ ಹೆಗಲ ಮೇಲೆ ಕೂತುಬಿಡುತ್ತದೆ. ಹಿಂಭಾರ ಆದರೆ ಮೂಕಿ ಮೇಲಕ್ಕೆ ಏಳುತ್ತದೆ, ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಗಾಡಿ ಹೇರುವವರು ಭಾರವನ್ನು ಅಚ್ಚಿನ ಆಸುಪಾಸಿಗೇ ತರುತ್ತಾರೆ.

ಕಾರಿನಲ್ಲಿ ಅತಿ ಭಾರದ ಸಾಮಾನು ಎಂಜಿನ್ ಮತ್ತು ಗೇರ್‌ಬಾಕ್ಸ್. ಎಂಜಿನ್ ಮೂತಿಯಲ್ಲಿದ್ದರೆ ಮುಂಭಾರ. ವೇಗವಾಗಿ ತಿರುಗಿಸಿದಾಗ ಮೂತಿ ನೇರಕ್ಕೇ ಹೋಗಬೇಕು ಅಂತ ಹಟ ಹಿಡಿಯುತ್ತದೆ. ಹಿಂದಿನ ಚಕ್ರದಿಂದಲೂ ಆಚೆ ಎಂಜಿನ್ ನೇತಾಡುತ್ತಿದ್ದರೆ ಹಿಂಭಾರ. ಆಗ ತಿರುವಿನಲ್ಲಿ ಬಾಲ ಹೊರಕ್ಕೆ ಬೀಸುತ್ತದೆ. 1973ರಲ್ಲಿ ಮೊದಲ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ ಗೆದ್ದ ಫ್ರಾನ್ಸಿನ ಆಲ್ಪೀನ್ ಎ110 ಹಿಂಭಾರದ ಕಾರೇ. (ರ‍್ಯಾಲಿ ಅಂದರೆ ರೇಸ್ ಟ್ರ್ಯಾಕಿನ ಬದಲು ಊರಿನ, ಬೆಟ್ಟದ ದಾರಿಗಳಲ್ಲಿ ನಡೆಯುವ ಕಾರು ಪಂದ್ಯ.) ಗೆಲ್ಲೋಕೆ ಆಗುವುದಿಲ್ಲ ಅಂತೇನಿಲ್ಲ. ಆದರೆ ಆ ಬಾಲವನ್ನು ಹತೋಟಿಯಲ್ಲಿಡುವ ಡ್ರೈವರ್ ಬೇಕು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಹೆಗಲ ಮೇಲೆ ಅಡ್ಡೆ ಹೊತ್ತು, ಎರಡು ತುದಿಗೂ ತುಂಬಿದ ಕೊಡ ಕಟ್ಟಿ ನಡೆಯುವವರನ್ನು ನೆನಪಿಸಿಕೊಳ್ಳಿ. ಅವರು ಥಟ್ಟನೆ ತಿರುಗೋಕೆ ಆಗುವುದಿಲ್ಲ. ತಿರುಗೋಕೆ ಶುರು ಮಾಡುವುದೂ ಕಷ್ಟ, ತಿರುಗಿದ ಮೇಲೆ ನಿಲ್ಲಿಸುವುದೂ ಕಷ್ಟ. ಅದೇ ಎರಡು ಕೊಡವನ್ನು ತುದಿಯಿಂದ ಬಿಚ್ಚಿ ಹೆಗಲ ಹತ್ತಿರ ಕಟ್ಟಿದರೆ? ತೂಕ ಒಂದು ಗ್ರಾಮೂ ಕಮ್ಮಿಯಾಗಿಲ್ಲ. ಆದರೆ ಮನುಷ್ಯ ಸಲೀಸಾಗಿ ಗಿರಕಿ ಹೊಡೆಯುತ್ತಾನೆ. ಭಾರ ಎಷ್ಟು ಎನ್ನುವುದರ ಜೊತೆಗೆ, ನಡುವಿನಿಂದ ಎಷ್ಟು ದೂರ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಮಿಡ್-ಎಂಜಿನ್ ಕಾರಿನಲ್ಲಿ ಎಂಜಿನ್, ಗೇರ್‌ಬಾಕ್ಸ್, ಡ್ರೈವರ್ ಎಲ್ಲರೂ ನಡುವಿನ ಹತ್ತಿರ ಸೇರಿರುತ್ತಾರೆ. ಸ್ಟೇರಿಂಗ್ ತಿರುಗಿಸಿದ ತಕ್ಷಣ ಕಾರು ತಿರುಗುತ್ತದೆ. ಎಂಜಿನ್ ಹಿಂದಿನ ಚಕ್ರಕ್ಕೆ ಹತ್ತಿರವಿರುವುದರಿಂದ ಆ ಚಕ್ರಗಳ ಮೇಲೆ ಭಾರ ಬಿದ್ದು, ಮಣ್ಣಿನಲ್ಲಾಗಲಿ ಹಿಮದಲ್ಲಾಗಲಿ ಒಳ್ಳೆಯ ಹಿಡಿತ ಸಿಗುತ್ತದೆ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಬೇಗ ತಿರುಗುವ ಕಾರು ಬೇಗ ಸುತ್ತಿಯೂ ಬಿಡುತ್ತದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ಸರಿಯುತ್ತದೆ, ಹಿಂದಿನ ಟೈರಿನ ಹಿಡಿತ ಕಮ್ಮಿಯಾಗುತ್ತದೆ, ಹಿಂಭಾಗ ಜಾರುತ್ತದೆ. ಅಡ್ಡೆ ಹೊತ್ತವನಂತೆ ನಿಧಾನಕ್ಕೆ ತಿರುಗುವ ಕಾರಾದರೆ ಸರಿಪಡಿಸಿಕೊಳ್ಳೋಕೆ ಸ್ವಲ್ಪ ಪುರುಸೊತ್ತು ಸಿಗುತ್ತದೆ. ಇಲ್ಲಿ ಅಷ್ಟು ಪುರುಸೊತ್ತು ಸಿಗುವುದಿಲ್ಲ. ಈ ಗುಣವನ್ನು ಎಷ್ಟು ಬಿಡಬೇಕು, ಎಷ್ಟು ಕಟ್ಟಿ ಹಾಕಬೇಕು ಎನ್ನುವಲ್ಲೇ ನಮ್ಮ ಎರಡು ಕಾರುಗಳ ದಾರಿ ಬೇರೆಯಾಗುವುದು.

ನಾನೂರು, ಐನೂರರ ನಿಯಮ

ಈ ಕಾರುಗಳು ಅಪರೂಪ ಆಗಿರುವುದು ದುಬಾರಿ ಎಂಬ ಕಾರಣಕ್ಕಲ್ಲ. ರೇಸ್ ನಿಯಮ ಅಷ್ಟೇ ಕೇಳಿತ್ತು, ಅದಕ್ಕೆ ಹೆಚ್ಚುಕಮ್ಮಿ ಅಷ್ಟೇ ಮಾಡಿದರು.

ಆ ಕಾಲದಲ್ಲಿ ರೇಸು, ರ‍್ಯಾಲಿಗಳಲ್ಲಿ ಗ್ರೂಪ್ 4 ಅಂತ ಒಂದು ದರ್ಜೆ ಇತ್ತು. ಆ ದರ್ಜೆಯಲ್ಲಿ ಕಾರು ಇಳಿಸಬೇಕಾದರೆ ಅದೇ ಕಾರನ್ನು ಸಾಮಾನ್ಯ ಜನರಿಗೂ ಮಾರುವ ಹಾಗೆ ಇಷ್ಟು ಅಂತ ಮಾಡಿ ತೋರಿಸಬೇಕು. ಸ್ಟ್ರಾಟೋಸ್ ಬಂದಾಗ ಆ ಸಂಖ್ಯೆ 500. ಆಮೇಲೆ ಅದು 400ಕ್ಕೆ ಇಳಿಯಿತು. ಎಂ1 ಮುಂದಿದ್ದದ್ದು ಎರಡು ವರ್ಷದಲ್ಲಿ 400 ಎಂಬ ಗುರಿ. ಈ ಮಾನ್ಯತೆಗೆ ಹೋಮೊಲೊಗೇಶನ್ ಎನ್ನುತ್ತಾರೆ.

ನಿಯಮ ಮಾಡಿದವರ ಉದ್ದೇಶ, ಅಂಗಡಿಯಲ್ಲಿ ಸಿಗುವ ಕಾರೇ ರೇಸಿಗೆ ಬರಲಿ ಎಂಬುದು. ಆದರೆ ಕಂಪನಿಗಳು ಅದನ್ನು ತಿರುಗಿಸಿ ಓದಿದವು. ಮೊದಲು ಗೆಲ್ಲುವ ರೇಸ್ ಕಾರು ಯೋಚಿಸಿ, ಆಮೇಲೆ ನಂಬರ್ ಪ್ಲೇಟ್ ಹಾಕುವ ಹಾಗೆ ಅದನ್ನೇ ನಾನೂರು ಐನೂರು ಮಾಡಿದರೆ ಆಯಿತಲ್ಲ? ಮೊದಲಿನಿಂದ ಕೊನೆಯವರೆಗೆ ರ‍್ಯಾಲಿಗೆಂದೇ ಹೀಗೆ ಹುಟ್ಟಿದ ಮೊದಲ ಕಾರು ಎಂಬ ಹೆಸರು ಸ್ಟ್ರಾಟೋಸ್‌ಗೆ ಇದೆ.

ತಿರುವಿಗೆ ಹುಟ್ಟಿದ ಕಾರು

1970ರ ಟ್ಯೂರಿನ್ ಮೋಟಾರ್ ಶೋನಲ್ಲಿ ಕಾರುಗಳ ರೂಪ ಬಿಡಿಸುವ ಬೆರ್ಟೋನೆ ಸಂಸ್ಥೆ ಒಂದು ವಿಚಿತ್ರ ಕಾರನ್ನು ಇಟ್ಟಿತು. ಗಾಂಡೀನಿ ಎಂಬ ವಿನ್ಯಾಸಕಾರ ಬಿಡಿಸಿದ ಅದರ ಎತ್ತರ ಸುಮಾರು 84 ಸೆಂಟಿಮೀಟರ್. ಊಟದ ಮೇಜಿಗಿಂತ ಒಂದು ಗೇಣಿನಷ್ಟೂ ಜಾಸ್ತಿ ಇಲ್ಲ. ಬಾಗಿಲೇ ಇಲ್ಲ. ಮುಂದಿನ ಗಾಜನ್ನು ಮೇಲೆತ್ತಿ ಒಳಗೆ ಹೋಗಬೇಕು. ಸ್ಟ್ರಾಟೋಸ್ ಝೀರೋ ಅಂತ ಅದನ್ನು ಕರೆದರು. ಬೆರ್ಟೋನೆಯ ಯಜಮಾನ ನುಚ್ಚೊ ಬೆರ್ಟೋನೆ ಅದನ್ನು ತಾವೇ ಓಡಿಸಿಕೊಂಡು ಲಾಂಚಿಯಾ ಕಾರ್ಖಾನೆಗೆ ಹೋದಾಗ, ಗೇಟಿನ ಅಡ್ಡಕಂಬ ಎತ್ತುವ ಮೊದಲೇ ಅದರ ಕೆಳಗಿಂದ ನುಸುಳಿ ಒಳಗೆ ಹೋದರು ಎನ್ನುವುದು ಕಾರು ಪ್ರಿಯರೆಲ್ಲ ಹೇಳುವ ಕಥೆ.

ಆ ಹೊತ್ತಿಗೆ ಲಾಂಚಿಯಾ ರ‍್ಯಾಲಿ ತಂಡದ ಮುಖ್ಯಸ್ಥ ಚೆಸಾರೆ ಫಿಯೋರಿಯೊ ಹೊಸ ಕಾರು ಹುಡುಕುತ್ತಿದ್ದರು. ಅವರ ಬಳಿ ಇದ್ದದ್ದು ಫುಲ್ವಿಯಾ. ಮುಂದೆ ಎಂಜಿನ್, ಮುಂದಿನ ಚಕ್ರಕ್ಕೇ ಶಕ್ತಿ. 1972ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಸಾಂಡ್ರೊ ಮುನಾರಿ ಅದರಲ್ಲೇ ಗೆದ್ದರು. ಆದರೆ ಅದಕ್ಕೆ ವಯಸ್ಸಾಗಿತ್ತು. ಝೀರೋದಿಂದ ಹೆಸರು ಮತ್ತು ಧೈರ್ಯ ಎರಡನ್ನೂ ತೆಗೆದುಕೊಂಡು, ಗಾಂಡೀನಿಯಿಂದಲೇ ಹೊಸ ಕಾರು ಬಿಡಿಸಿದರು. ಅದನ್ನು ಪಳಗಿಸುವ ಕೆಲಸದಲ್ಲಿ ಮೈಕ್ ಪಾರ್ಕ್ಸ್ ಎಂಬ ಇಂಗ್ಲಿಷ್ ಎಂಜಿನಿಯರ್ ದೊಡ್ಡ ಪಾಲು ವಹಿಸಿದರು. ಅವರು ಸ್ವತಃ ಫೆರಾರಿಗೆ ರೇಸ್ ಓಡಿಸಿದವರು.

ಎಂಜಿನ್ ಯಾವುದು? ಫೆರಾರಿಯ ಡೀನೊ 246 ಕಾರಿನ ವಿ6. 2418 ಸಿಸಿ, ರಸ್ತೆಯ ಕಾರಿನಲ್ಲಿ 190 ಅಶ್ವಶಕ್ತಿ. 1969ರಲ್ಲಿ ಫಿಯಟ್ ಕಂಪನಿ ಲಾಂಚಿಯಾವನ್ನು ಕೊಂಡಿತ್ತು, ಅದೇ ವರ್ಷ ಫೆರಾರಿಯಲ್ಲೂ ಅರ್ಧ ಪಾಲು ತೆಗೆದುಕೊಂಡಿತ್ತು. ಒಂದೇ ಮನೆಯವರಾದ ಮೇಲೆ ಎಂಜಿನ್ ಕೇಳುವುದು ಸಹಜ ಅಲ್ವಾ? ಆದರೂ ಎಂಜೊ ಫೆರಾರಿ ಸುಲಭಕ್ಕೆ ಒಪ್ಪಲಿಲ್ಲ. ಡೀನೊ ಕಾರಿನ ತಯಾರಿಕೆ ಮುಗಿಯುವ ಹೊತ್ತಿಗೆ ಎಂಜಿನ್‌ಗಳು ಬಂದವು.

ಈಗ ಅಳತೆಗೆ ಬರೋಣ. ಸ್ಟ್ರಾಟೋಸ್‌ನ ಗುಟ್ಟು ಇರುವುದು ಇಲ್ಲೇ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗಿನ ದೂರಕ್ಕೆ ವೀಲ್‌ಬೇಸ್ ಎನ್ನುತ್ತಾರೆ. ಸ್ಟ್ರಾಟೋಸ್‌ನದು 2180 ಮಿಲಿಮೀಟರ್. ನಮ್ಮ ಹಳೆಯ ಮಾರುತಿ 800ರದು 2175. ಅಂದರೆ ಮೂರು ಬಾರಿ ವಿಶ್ವ ಪ್ರಶಸ್ತಿ ಗೆದ್ದ ಕಾರಿನ ಚಕ್ರಗಳ ನಡುವೆ ನಮ್ಮ ಮಾರುತಿ 800ರಷ್ಟೇ ಜಾಗ! ಅಷ್ಟು ಗಿಡ್ಡ ಜಾಗದಲ್ಲಿ ಇಬ್ಬರು ಮನುಷ್ಯರು ಮತ್ತು ಆರು ಸಿಲಿಂಡರಿನ ಎಂಜಿನ್ ಹಿಡಿಯಬೇಕು. ಅದಕ್ಕೇ ಎಂಜಿನನ್ನು ಅಡ್ಡಡ್ಡ ಇಟ್ಟರು. ವಿ ಆಕಾರದ ಎಂಜಿನ್ ಮೊದಲೇ ಮೊಟಕು, ಅಡ್ಡ ಇಟ್ಟರೆ ಉದ್ದಕ್ಕೆ ಇನ್ನೂ ಕಮ್ಮಿ ಜಾಗ ಸಾಕು. ಅಗಲ ಮಾತ್ರ 1750 ಮಿಲಿಮೀಟರ್, ಅಂದರೆ ಮಾರುತಿ 800ಕ್ಕಿಂತ ಎಷ್ಟೋ ಜಾಸ್ತಿ. ಮೇಲಿಂದ ನೋಡಿದರೆ ಕಾರು ಚೌಕದ ಕಡೆಗೇ ವಾಲುತ್ತದೆ.

ಚೌಕದಂಥ ಕಾರು, ತೂಕ ಪೂರಾ ನಡುವಿಗೆ. ಇದಕ್ಕಿಂತ ಬೇಗ ತಿರುಗುವ ಕಾರು ಮಾಡುವುದು ಕಷ್ಟ. ಗಿಡ್ಡ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಸರಿಯುವುದೂ ಜಾಸ್ತಿ. ಹಾಗಾಗಿ ಡ್ರೈವರ್ ಬ್ರೇಕು ಮತ್ತು ಆಕ್ಸಿಲರೇಟರ್‌ನಿಂದಲೇ ಕಾರನ್ನು ತಿರುಗಿಸಬಹುದು. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ‍್ಯಾಲಿ ನಡೆಯುವಾಗ ಬೇಲಿ ಪಕ್ಕ ನಿಂತು ನೋಡಿದವರಿಗೆ ಇದರ ಬೆಲೆ ಗೊತ್ತು. ಕೆಂಪು ಮಣ್ಣಿನ ಕಿರಿದಾದ ದಾರಿ, ಒಂದು ಪಕ್ಕ ಗಿಡ, ಇನ್ನೊಂದು ಪಕ್ಕ ಚರಂಡಿ, ಐವತ್ತು ಮೀಟರಿಗೊಂದು ತಿರುವು. ಅಲ್ಲಿ ಗಂಟೆಗೆ 250 ಕಿಲೋಮೀಟರ್ ಹೋಗುವ ಕಾರಿಗೆ ಏನೂ ಕೆಲಸವಿಲ್ಲ. ಮೂತಿ ಥಟ್ಟನೆ ಎಡಕ್ಕೆ, ಮರುಕ್ಷಣ ಬಲಕ್ಕೆ ಹೊರಳಬೇಕು. ಫ್ರಾನ್ಸಿನ ಕಾರ್ಸಿಕಾ ದ್ವೀಪದ, ಮಾಂಟೆ ಕಾರ್ಲೊ ಮೇಲಿನ ಬೆಟ್ಟಗಳ ರಸ್ತೆಯೂ ಹಾಗೇ.

ಹತ್ತಿರದಿಂದ ನೋಡಿದರೆ ಈ ಕಾರು ಇನ್ನೂ ಇಷ್ಟವಾಗುತ್ತದೆ. ಮುಂದಿನ ಗಾಜು ಒಂದು ದೊಡ್ಡ ಡಬ್ಬಿಯ ಸುತ್ತಿನಿಂದ ಕತ್ತರಿಸಿ ತೆಗೆದ ತುಂಡಿನ ಹಾಗಿದೆ. ಎಡದಿಂದ ಬಲಕ್ಕೆ ಒಂದೇ ಬಾಗು. ಒಳಗೆ ಕೂತವರಿಗೆ ಹೆಲ್ಮೆಟ್ಟಿನ ಗಾಜಿನೊಳಗಿಂದ ನೋಡಿದ ಹಾಗೆ ಮುಂದೂ ಅಕ್ಕಪಕ್ಕವೂ ಒಟ್ಟಿಗೆ ಕಾಣುತ್ತದೆ. ತಿರುವಿನಲ್ಲಿ ಕಾರು ಅಡ್ಡ ಜಾರುತ್ತಾ ಹೋಗುವಾಗ ದಾರಿ ಕಾಣುವುದು ಪಕ್ಕದಲ್ಲೇ ಅಲ್ವಾ? ಹಿಂದಕ್ಕೆ ಮಾತ್ರ ಏನೂ ಸರಿಯಾಗಿ ಕಾಣುವುದಿಲ್ಲ. ಬಾಗಿಲಿನ ಒಳಗೆ ದೊಡ್ಡ ಗುಳಿ ಇದೆ, ಹೆಲ್ಮೆಟ್ ಇಡೋಕೆ. ಜನರಿಗೆ ಮಾರಿದ ಕಾರಿನಲ್ಲೂ ಅದು ಹಾಗೇ ಇತ್ತು. ನಡುವಿನ ಭಾಗ ಗಟ್ಟಿ ಉಕ್ಕು. ಮುಂದಿನದ್ದೂ ಹಿಂದಿನದ್ದೂ ಹಗುರ ಫೈಬರ್‌ಗ್ಲಾಸ್ ಹೊದಿಕೆ, ಎರಡೂ ಪೆಟ್ಟಿಗೆಯ ಮುಚ್ಚಳದಂತೆ ಇಡಿಯಾಗಿ ತೆರೆದುಕೊಳ್ಳುತ್ತವೆ. ರಾತ್ರಿ ರಸ್ತೆ ಬದಿಯಲ್ಲಿ, ಹಿಮದಲ್ಲಿ, ಕೈಯಲ್ಲಿ ಟಾರ್ಚು ಹಿಡಿದು ರಿಪೇರಿ ಮಾಡುವ ಮೆಕ್ಯಾನಿಕ್‌ಗೆ ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಎಲ್ಲ ಕೈಗೆ ಸಿಗುವ ಹಾಗೆ ಮಾಡಿದ ಏರ್ಪಾಡು ಇದು. ಅಂಥ ಮೆಕ್ಯಾನಿಕ್‌ನನ್ನು ನೆನಪಿಟ್ಟುಕೊಂಡು ಕಾರು ಬಿಡಿಸಿದವರ ಮೇಲೆ ನನಗೆ ಬಹಳ ಗೌರವ.

1974ರ ಅಕ್ಟೋಬರ್ 1ರಂದು ಮಾನ್ಯತೆ ಸಿಕ್ಕಿತು. ಅದೇ ತಿಂಗಳು ಸಾನ್‌ರೆಮೊ ರ‍್ಯಾಲಿಯನ್ನು ಮುನಾರಿ ಸ್ಟ್ರಾಟೋಸ್‌ನಲ್ಲಿ ಗೆದ್ದರು. ಆ ವರ್ಷದ ವಿಶ್ವ ಪ್ರಶಸ್ತಿ ಲಾಂಚಿಯಾಕ್ಕೆ ಬಂತು. 1975ರಲ್ಲೂ ಬಂತು, 1976ರಲ್ಲೂ ಬಂತು. ಮಾಂಟೆ ಕಾರ್ಲೊವನ್ನು ಮುನಾರಿ 1975, 1976, 1977 ಮೂರು ವರ್ಷವೂ ಬಿಡದೆ ಗೆದ್ದರು. ಆಮೇಲೆ ಫಿಯಟ್‌ಗೆ ತಾನು ಜಾಸ್ತಿ ಮಾರುವ ಸಾಧಾರಣ ಕಾರಿನ ರೂಪದ 131 ಅಬಾರ್ತ್ ಗೆಲ್ಲಲಿ ಎಂಬ ಆಸೆ ಬಂತು. ಸ್ಟ್ರಾಟೋಸ್‌ಗೆ ಕಂಪನಿಯ ಬೆಂಬಲ ಕರಗಿತು. ಅಷ್ಟಾದರೂ ಖಾಸಗಿ ತಂಡದ ಫ್ರೆಂಚ್ ಡ್ರೈವರ್ ಬೆರ್ನಾರ್ ಡಾರ್ನಿಶ್ 1979ರಲ್ಲಿ ಅದೇ ಮಾಂಟೆ ಕಾರ್ಲೊವನ್ನು ಸ್ಟ್ರಾಟೋಸ್‌ನಲ್ಲಿ ಮತ್ತೆ ಗೆದ್ದರು. ಆದರೂ ಕೆಲವು ಗೆಲುವು ಅದಕ್ಕೆ ಕೊನೆಗೂ ದಕ್ಕಲಿಲ್ಲ. ಅದರಲ್ಲಿ ಒಂದು ಆಫ್ರಿಕಾದ ಸಫಾರಿ ರ‍್ಯಾಲಿ. 1975ರಲ್ಲಿ ಎರಡನೇ ಸ್ಥಾನದವರೆಗೂ ಬಂದು ಅಲ್ಲಿಗೇ ನಿಂತಿತು. ಅವತ್ತು ಗೆದ್ದದ್ದು ಪ್ಯೂಜೋ 504, ಎಂಜಿನ್ ಮುಂದಿರುವ ಸಾಧಾರಣ ಸಂಸಾರದ ಕಾರು.

ತಡವಾಗಿ ಬಂದ ಕಾರು

ಎಂ1 ಕಥೆ ಶುರುವಾಗುವುದು ಮ್ಯೂನಿಕ್‌ನಲ್ಲಿ. ಬಿಎಂಡಬ್ಲ್ಯು 1972ರಲ್ಲಿ ರೇಸಿಗೆಂದೇ ಮೋಟಾರ್‌ಸ್ಪೋರ್ಟ್ ಎಂಬ ಬೇರೆ ಕಂಪನಿ ಕಟ್ಟಿತು. ಅದರ ಮುಖ್ಯಸ್ಥ ಯೋಖೆನ್ ನೀರ್ಪಾಶ್. ಅವರ ಕಣ್ಣಿದ್ದದ್ದು ರ‍್ಯಾಲಿಯ ಮೇಲಲ್ಲ, ರೇಸ್ ಟ್ರ್ಯಾಕ್ ಮೇಲೆ. ಅಲ್ಲಿ ಪೋರ್ಷೆ ಕಂಪನಿಯದೇ ರಾಜ್ಯ. ಬಿಎಂಡಬ್ಲ್ಯು ಬಳಿ ಇದ್ದ ರೇಸ್ ಕಾರುಗಳಲ್ಲೆಲ್ಲ ಎಂಜಿನ್ ಮುಂದೆ. ಗ್ರೂಪ್ 4ಕ್ಕೆ ಒಂದು ಮಿಡ್-ಎಂಜಿನ್ ಕಾರು ಮಾಡಿದರೆ, ಅದನ್ನೇ ಇನ್ನಷ್ಟು ಬಿಗಿಮಾಡಿ ಮೇಲಿನ ಗ್ರೂಪ್ 5 ದರ್ಜೆಯಲ್ಲೂ ಓಡಿಸಬಹುದು. ಯೋಜನೆ ಚೆನ್ನಾಗಿತ್ತು.

ಕಾರಿನ ರೂಪವನ್ನು ಇಟಲಿಯ ವಿನ್ಯಾಸಕಾರ ಜುಜಾರೊ ಅವರಿಗೆ ಒಪ್ಪಿಸಿದರು. 1972ರಲ್ಲಿ ಪೌಲ್ ಬ್ರಾಕ್ ಬಿಎಂಡಬ್ಲ್ಯುಗೆ ಟರ್ಬೊ ಅಂತ ಒಂದು ಪ್ರದರ್ಶನದ ಕಾರು ಮಾಡಿದ್ದರು. ಅದರ ಛಾಯೆ ಎಂ1ನಲ್ಲಿ ಕಾಣುತ್ತದೆ. ಎಂ1 ಹಿಂದೆ ಹೋಗಿ ನಿಂತರೆ ಒಂದು ವಿಶೇಷ ಕಣ್ಣಿಗೆ ಬೀಳುತ್ತದೆ. ಬಿಎಂಡಬ್ಲ್ಯು ಕಾರಿಗೆ ಸಾಮಾನ್ಯವಾಗಿ ಹಿಂದೆ ನಡುವೆ ಒಂದು ನೀಲಿ-ಬಿಳಿ ಗುಂಡು ಲಾಂಛನ ಇರುತ್ತದೆ. ಎಂ1ಗೆ ಎರಡು. ಎಡ ಮೂಲೆಗೊಂದು, ಬಲ ಮೂಲೆಗೊಂದು.

ಬಿಎಂಡಬ್ಲ್ಯುಗೆ ಮಿಡ್-ಎಂಜಿನ್ ಕಾರು ಮಾಡಿ ಮಾರಿದ ಅನುಭವ ಇರಲಿಲ್ಲ. ಹಾಗಾಗಿ ಲ್ಯಾಂಬೊರ್ಗಿನಿ ಜೊತೆ ಒಪ್ಪಂದ ಮಾಡಿಕೊಂಡರು. ಅವರು ಇಂಥ ಕಾರಿನಲ್ಲಿ ಪಳಗಿದ ಕೈ. ಆದರೆ ಲ್ಯಾಂಬೊರ್ಗಿನಿಗೆ ಆಗ ಹಣಕಾಸಿನ ಕಷ್ಟ ಕುತ್ತಿಗೆಗೆ ಬಂದಿತ್ತು. ಕೆಲವು ಮಾದರಿ ಕಾರು ಮಾಡುವಷ್ಟರಲ್ಲಿ ಕೆಲಸ ಕುಂಟಿತು. 1978ರಲ್ಲಿ ಬಿಎಂಡಬ್ಲ್ಯು ಒಪ್ಪಂದ ಮುರಿದು ಕೆಲಸವನ್ನು ವಾಪಸ್ ತೆಗೆದುಕೊಂಡಿತು.

ಮುಂದೆ ನಡೆದದ್ದು ಕೇಳಿದರೆ ಈ ಕಾರು ಯಾಕೆ ತಡವಾಯಿತು ಎಂದು ತಾನಾಗೇ ತಿಳಿಯುತ್ತದೆ. ಉಕ್ಕಿನ ಕೊಳವೆಗಳ ಚಾಸಿ ಇಟಲಿಯ ಮೊಡೆನಾದಲ್ಲಿ ಮಾರ್ಕೇಸಿ ಎಂಬ ಕಾರ್ಖಾನೆಯಲ್ಲಿ. ಫೈಬರ್‌ಗ್ಲಾಸ್ ಮೈ ಇಟಲಿಯದೇ ಇನ್ನೊಂದು ಕಂಪನಿಯಲ್ಲಿ. ಎರಡನ್ನೂ ಕೂಡಿಸಿ ಒಳಗಿನ ಕೆಲಸ ಮಾಡುವುದು ಟ್ಯೂರಿನ್ ಬಳಿ ಜುಜಾರೊ ಅವರ ಇಟಾಲ್‌ಡಿಸೈನ್‌ನಲ್ಲಿ. ಅಲ್ಲಿಂದ ಆಲ್ಪ್ಸ್ ಬೆಟ್ಟ ದಾಟಿಸಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಸಾಗಿಸಬೇಕು. ಮ್ಯೂನಿಕ್‌ನಲ್ಲಿ ತಯಾರಾದ ಎಂಜಿನನ್ನು ಅಲ್ಲಿನ ಬಾವುರ್ ಕಂಪನಿಯವರು ಕೂರಿಸುತ್ತಾರೆ. ಕೊನೆಯ ಪರೀಕ್ಷೆಗೆ ಮತ್ತೆ ಮ್ಯೂನಿಕ್. ಒಂದು ಮದುವೆ ಊಟಕ್ಕೆ ಅನ್ನ ಒಂದೂರಲ್ಲಿ, ಸಾರು ಇನ್ನೊಂದೂರಲ್ಲಿ, ಪಾಯಸ ಮತ್ತೊಂದೂರಲ್ಲಿ ಮಾಡಿಸಿದ ಹಾಗೆ. ಪ್ರತಿಯೊಂದೂ ರುಚಿಯಾಗಿಯೇ ಇರಬಹುದು. ಮುಹೂರ್ತಕ್ಕೆ ಎಲೆ ಹಾಕೋಕೆ ಆಗುವುದಿಲ್ಲ.

1978ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಮೋಟಾರ್ ಶೋನಲ್ಲಿ ಎಂ1 ಜನರ ಮುಂದೆ ಬಂತು. ಬೆಲೆ ಒಂದು ಲಕ್ಷ ಜರ್ಮನ್ ಮಾರ್ಕ್. ಆದರೆ ನಾನೂರು ಕಾರು ಪೂರ್ತಿಯಾಗುವ ಹೊತ್ತಿಗೆ 1980 ಮುಗಿಯುತ್ತಾ ಬಂದಿತ್ತು. 1982ರಿಂದ ದರ್ಜೆಗಳೆಲ್ಲ ಬದಲಾದವು. ಗ್ರೂಪ್ 4, ಗ್ರೂಪ್ 5 ಹೋಗಿ ಗ್ರೂಪ್ ಎ, ಬಿ, ಸಿ ಬಂದವು. ಎಂ1 ಯಾವುದಕ್ಕೆ ಹುಟ್ಟಿತ್ತೋ ಆ ಪಂದ್ಯವೇ ಇಲ್ಲವಾಯಿತು.

ಮಾನ್ಯತೆ ಸಿಗುವವರೆಗೆ ಕಾರು ಸುಮ್ನೆ ನಿಲ್ಲಬಾರದು ಅಂತ ನೀರ್ಪಾಶ್ ಒಂದು ದಾರಿ ಹುಡುಕಿದ್ದರು. ಬರೀ ಎಂ1ಗಳಿಗೇ ಒಂದು ಪಂದ್ಯಮಾಲೆ. ಅದೇ ಪ್ರೊಕಾರ್. 1979 ಮತ್ತು 1980ರಲ್ಲಿ ಯುರೋಪಿನ ಫಾರ್ಮುಲಾ ಒನ್ ರೇಸುಗಳ ಜೊತೆಗೆ ಇದು ನಡೆಯಿತು. ಫಾರ್ಮುಲಾ ಒನ್ ಅಭ್ಯಾಸದಲ್ಲಿ ಮುಂದಿದ್ದ ಐದು ಡ್ರೈವರ್‌ಗಳಿಗೆ ಕಂಪನಿಯ ಕಾರು ಸಿಗುತ್ತಿತ್ತು. ಉಳಿದ ಕಾರುಗಳಲ್ಲಿ ಖಾಸಗಿ ತಂಡದವರು. ಎಲ್ಲರದೂ ಸುಮಾರು 470 ಅಶ್ವಶಕ್ತಿಯ ಎಂ1. ಮೊದಲ ವರ್ಷ ಗೆದ್ದವರು ನಿಕಿ ಲೌಡಾ, ಎರಡನೇ ವರ್ಷ ನೆಲ್ಸನ್ ಪಿಕೆ. ಒಂದೇ ಥರದ ಕಾರಿನಲ್ಲಿ ಲೋಕದ ದೊಡ್ಡ ಡ್ರೈವರ್‌ಗಳು ಭುಜಕ್ಕೆ ಭುಜ ತಾಗಿಸಿ ಓಡುವುದನ್ನು ಜನ ಮತ್ತೆ ಅಷ್ಟು ಹತ್ತಿರದಿಂದ ನೋಡಿದ್ದು ಕಮ್ಮಿ. 1979ರ ಲೆ ಮಾನ್ 24 ಗಂಟೆ ರೇಸಿಗೆ ಹೋದ ಒಂದು ಎಂ1ಗೆ ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ ತಾವೇ ಕುಂಚ ಹಿಡಿದು ಅರ್ಧ ಗಂಟೆಯೊಳಗೆ ಬಣ್ಣ ಬಳಿದಿದ್ದರು. ಅದು ಒಟ್ಟಾರೆ ಆರನೇ ಸ್ಥಾನಕ್ಕೆ ಬಂತು. 1981ರಲ್ಲಿ ನ್ಯೂರ್‌ಬರ್ಗ್‌ರಿಂಗ್‌ನ ಸಾವಿರ ಕಿಲೋಮೀಟರ್ ರೇಸನ್ನು ಪಿಕೆ ಮತ್ತು ಹಾನ್ಸ್-ಯೋಆಖಿಮ್ ಸ್ಟುಕ್ ಎಂ1ನಲ್ಲಿ ಗೆದ್ದರು. ಕಾರಿನಲ್ಲಿ ಕಸುವಿತ್ತು ಅನ್ನೋದಕ್ಕೆ ಇಷ್ಟು ಸಾಕು.

ಅಕ್ಕಪಕ್ಕ ಇಟ್ಟರೆ

ಎಂ1ನ ಎಂಜಿನ್ 3453 ಸಿಸಿ. ಆರು ಸಿಲಿಂಡರ್ ಒಂದೇ ಸಾಲಿನಲ್ಲಿ, ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವ್, 277 ಅಶ್ವಶಕ್ತಿ. ಸ್ಟ್ರಾಟೋಸ್‌ನದು 190. ಕೇಳಿದ ತಕ್ಷಣ ಎಂ1 ತುಂಬ ಮುಂದಿದೆ ಅನಿಸುತ್ತದೆ. ಒಂದು ಲೀಟರಿಗೆ ಎಷ್ಟು ಅಂತ ಲೆಕ್ಕ ಹಾಕಿ. ಸ್ಟ್ರಾಟೋಸ್‌ಗೆ ಸುಮಾರು 79, ಎಂ1ಗೆ 80. ಹೆಚ್ಚುಕಮ್ಮಿ ಸಮ. ಇನ್ನು ತೂಕ. ಸ್ಟ್ರಾಟೋಸ್ ಸುಮಾರು 980 ಕಿಲೊ, ಎಂ1 1300. ಒಂದು ಟನ್ನಿಗೆ ಸ್ಟ್ರಾಟೋಸ್‌ಗೆ 194 ಅಶ್ವಶಕ್ತಿ, ಎಂ1ಗೆ 213. ಇಲ್ಲೂ ಅಂತರ ದೊಡ್ಡದಲ್ಲ. ಹಾಗಾಗಿ ಎಂಜಿನ್ ಬಲ ಹೋಲಿಸಿ ಇವೆರಡರ ಸ್ವಭಾವ ಹೇಳೋಕೆ ಆಗುವುದಿಲ್ಲ.

ವೀಲ್‌ಬೇಸ್ ಹೇಳುತ್ತದೆ. ಎಂ1ನದು 2560 ಮಿಲಿಮೀಟರ್, ಸ್ಟ್ರಾಟೋಸ್‌ಗಿಂತ 38 ಸೆಂಟಿಮೀಟರ್ ಜಾಸ್ತಿ. ಒಂದೇ ಸಾಲಿನ ಆರು ಸಿಲಿಂಡರ್ ಎಂಜಿನ್ ಉದ್ದ. ಅದನ್ನು ಉದ್ದುದ್ದಕ್ಕೇ ಇಟ್ಟು, ಹಿಂದೆ ಗೇರ್‌ಬಾಕ್ಸ್ ಜೋಡಿಸಿದ್ದಾರೆ. ಜಾಗ ಬೇಕೇ ಬೇಕು. ಆದರೆ ಟ್ರ್ಯಾಕಿನಲ್ಲಿ ಆ ಉದ್ದ ಕೊರತೆಯಲ್ಲ. ಗಂಟೆಗೆ 260 ಕಿಲೋಮೀಟರ್ ದಾಟುವ ಕಾರು ಸ್ವಲ್ಪ ಸ್ಟೇರಿಂಗ್ ಅಲುಗಿದರೆ ದಿಕ್ಕು ಬದಲಿಸಬಾರದು. ತೂಕ ನಡುವಿಗೆ ತಂದದ್ದರಿಂದ ಬಂದ ಚುರುಕನ್ನು ಉದ್ದದ ವೀಲ್‌ಬೇಸ್ ಹದಕ್ಕೆ ತರುತ್ತದೆ. ಸ್ಟ್ರಾಟೋಸ್ ಆ ಚುರುಕನ್ನು ಪೂರಾ ಬಿಚ್ಚಿ ಬಿಟ್ಟಿತು.

ಎಣ್ಣೆಯ ಏರ್ಪಾಡನ್ನೂ ನೋಡಿ. ಸಾಮಾನ್ಯ ಎಂಜಿನ್‌ನಲ್ಲಿ ಎಣ್ಣೆ ತಳದ ತಟ್ಟೆಯಲ್ಲಿ ನಿಂತಿರುತ್ತದೆ. ದೊಡ್ಡ ತಿರುವಿನಲ್ಲಿ ಜೋರಾಗಿ, ತುಂಬ ಹೊತ್ತು ಹೋದರೆ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟ ಮಜ್ಜಿಗೆ ಪಾತ್ರೆಯ ಹಾಗೆ ಎಣ್ಣೆ ಒಂದು ಪಕ್ಕಕ್ಕೆ ಏರುತ್ತದೆ. ಪಂಪಿಗೆ ಬರೀ ಗಾಳಿ ಸಿಗುತ್ತದೆ. ಒಂದು ಕ್ಷಣ ಸಾಕು, ಬೇರಿಂಗ್ ಹಾಳಾಗೋಕೆ. ಎಂ1ನಲ್ಲಿ ಎಣ್ಣೆ ತಳದಲ್ಲಿ ನಿಲ್ಲುವುದೇ ಇಲ್ಲ. ಅದನ್ನು ಎಳೆದು ಬೇರೆ ತೊಟ್ಟಿಯಲ್ಲಿ ಇಡುತ್ತಾರೆ. ಇದಕ್ಕೆ ಡ್ರೈ ಸಂಪ್ ಎನ್ನುತ್ತಾರೆ. ತಳದ ತಟ್ಟೆ ಇಲ್ಲದ್ದರಿಂದ ಎಂಜಿನನ್ನು ಇನ್ನೂ ಕೆಳಗೆ ಕೂರಿಸಬಹುದು. ಇಂಧನಕ್ಕೆ ಎಂ1ನಲ್ಲಿ ಯಾಂತ್ರಿಕ ಇಂಜೆಕ್ಷನ್, ಸ್ಟ್ರಾಟೋಸ್‌ನಲ್ಲಿ ಮೂರು ವೆಬರ್ ಕಾರ್ಬ್ಯುರೇಟರ್. ವೆಬರ್ ಆದರೆ ರಸ್ತೆ ಬದಿಯಲ್ಲೂ ಬಿಚ್ಚಿ ಸರಿಮಾಡಬಹುದು.

ರಸ್ತೆಯ ಮೇಲೆ ದಿನಾ ಬಳಸೋಕೆ? ಇಲ್ಲಿ ನನಗೆ ಅನುಮಾನವೇ ಇಲ್ಲ. ಎಂ1ನಲ್ಲಿ ಏಸಿ ಇದೆ, ಗಾಜು ಗುಂಡಿ ಒತ್ತಿದರೆ ಇಳಿಯುತ್ತದೆ, ಬಾಗಿಲು ಸರಿಯಾಗಿ ಮುಚ್ಚುತ್ತದೆ. ದೂರದ ಊರಿಗೆ ಹೋಗಿ ಬೆನ್ನು ನೋಯದೆ ಇಳಿಯಬಹುದು. ಇಷ್ಟು ಸಭ್ಯವಾದ ಮಿಡ್-ಎಂಜಿನ್ ಕಾರು ಆ ಕಾಲದಲ್ಲಿ ಸಿಗುವುದು ಅಪರೂಪವಾಗಿತ್ತು. ಸ್ಟ್ರಾಟೋಸ್ ಒಳಗೆ ಸೆಕೆ, ಸದ್ದು, ಇಕ್ಕಟ್ಟು. ಆದರೆ ಒಂದು ಕೆಲಸಕ್ಕೆಂದು ಮಾಡಿದ ವಸ್ತು ಆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿತು ಎಂದು ಕೇಳಿದರೆ ನನ್ನ ಮತ ಸ್ಟ್ರಾಟೋಸ್‌ಗೆ. ಅದರಲ್ಲಿ ಬೇಡದ ಒಂದು ಸಾಮಾನೂ ಇಲ್ಲ. ಗಾಜಿನ ಬಾಗಿನಿಂದ ಹಿಡಿದು ಹೆಲ್ಮೆಟ್ ಗುಳಿಯವರೆಗೆ ಎಲ್ಲವೂ ಒಂದೇ ಯೋಚನೆಯಿಂದ ಬಂದದ್ದು. ಎಂ1 ಎಷ್ಟೇ ಒಳ್ಳೆಯದಾದರೂ ಅದರ ಮೇಲೆ ನಾಲ್ಕೈದು ಊರಿನ ಕೈ ಬಿದ್ದಿದೆ, ಸಮಯ ಅದರ ಕೈತಪ್ಪಿದೆ.

ಹಾಗಂತ ಎಂ1ನ ಕೆಲಸ ವ್ಯರ್ಥವಾಗಲಿಲ್ಲ. ಅದರ ಎಂಜಿನನ್ನೇ ಸ್ವಲ್ಪ ಬದಲಿಸಿ ಬಿಎಂಡಬ್ಲ್ಯು ಮೊದಲ ಎಂ5ಗೆ ಹಾಕಿತು. ನಾಲ್ಕು ಬಾಗಿಲಿನ ಸಂಸಾರದ ಕಾರಿಗೆ ರೇಸಿನ ಎಂಜಿನ್. ಇವತ್ತು ಬೆಂಗಳೂರಿನ ಟ್ರಾಫಿಕ್‌ನಲ್ಲಿ ನಿಮ್ಮ ಪಕ್ಕ ನಿಂತ ಬಿಎಂಡಬ್ಲ್ಯು ಮೇಲೆ ಕಾಣುವ ಎಂ ಅಕ್ಷರವನ್ನು ಮೊದಲು ಹೆಸರಿನಲ್ಲೇ ಹೊತ್ತ ಕಾರು ಎಂ1. ಆದರೆ ಆಮೇಲೆ ಬಂದ ಎಂ5ನಲ್ಲಿ ಎಂಜಿನ್ ಮತ್ತೆ ಮುಂದಕ್ಕೆ ಹೋಯಿತು.

ಈ ಎರಡು ಕಾರುಗಳ ದಾರಿ ಒಂದು ಕಡೆ ಸೇರುತ್ತದೆ. 1981ರಲ್ಲಿ ಕಾರ್ಸಿಕಾದ ಟೂರ್ ಡಿ ಕಾರ್ಸ್ ರ‍್ಯಾಲಿಯಲ್ಲಿ ಸ್ಟ್ರಾಟೋಸ್ ತನ್ನ ಕೊನೆಯ ವಿಶ್ವ ಮಟ್ಟದ ಗೆಲುವು ಕಂಡಿತು. ಸ್ಟೇರಿಂಗ್ ಹಿಡಿದಿದ್ದವರು ಅದೇ ಬೆರ್ನಾರ್ ಡಾರ್ನಿಶ್. ಮರುವರ್ಷ ಅವರು ಅದೇ ದ್ವೀಪದ ಅದೇ ಬೆಟ್ಟದ ದಾರಿಗೆ ಮತ್ತೆ ಬಂದರು. ಈ ಸಲ ಅವರು ತಂದದ್ದು ಎಂ1. ವೀಲ್‌ಬೇಸ್ 38 ಸೆಂಟಿಮೀಟರ್, ಭಾರ ಮುನ್ನೂರು ಕಿಲೊ ಜಾಸ್ತಿ ಇರುವ, ಟ್ರ್ಯಾಕಿಗೆಂದು ಹುಟ್ಟಿದ ಕಾರು ಆ ಇಕ್ಕಟ್ಟಿನ ತಿರುವುಗಳಲ್ಲಿ. ಆ ಸಲ ಅವರು ಕೊನೆ ಮುಟ್ಟಲಿಲ್ಲ.